ಮೊದಲೇ ಹೇಳಿದವರಿಗೆ ಊಟವಿದೆ

ಜಪಾನಿಗೆ ಹೊರಟವರು ನನಗೆ ಫೋನ್ ಮಾಡಿ ವೀಸಾ, ಚಳಿ, ರೈಲು ಪಾಸು ಎಲ್ಲ ವಿಚಾರಿಸಿಕೊಂಡ ಮೇಲೆ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: ‘ಅಲ್ಲಾ ಮೇಡಂ, ಅವರು ಆಕ್ಟೋಪಸ್ಸು, ಹಸಿ ಮೀನು ಎಲ್ಲಾ ತಿಂತಾರಂತಲ್ಲ, ನೀವು ಊಟಕ್ಕೆ ಏನು ಮಾಡ್ಕೊಂಡ್ರಿ?’

ಆಕ್ಟೋಪಸ್ಸಿನಿಂದ ಸಸ್ಯಾಹಾರಿಗೆ ಯಾವ ತೊಂದರೆಯೂ ಇಲ್ಲ. ಅದು ತಟ್ಟೆಯಲ್ಲಿ ಎದ್ದು ಕಾಣುತ್ತದೆ, ಬೇಡ ಎಂದರಾಯಿತು. ತೊಂದರೆ ಕೊಡುವುದು ಕಣ್ಣಿಗೆ ಕಾಣದ ಮೀನು. ಬೇಯಿಸಿ ಹಿಂಡಿಟ್ಟ ಪಾಲಕ್ ಸೊಪ್ಪು, ಮೂಲಂಗಿ ಕ್ಯಾರೆಟ್ಟಿನ ಹೋಳು, ತೋಫು ತೇಲುವ ಮಿಸೊ ಸೂಪು, ಬಿಸಿಬಿಸಿ ಉದೊನ್ ಶಾವಿಗೆ. ಇವುಗಳಲ್ಲಿ ಎಷ್ಟು ಹುಡುಕಿದರೂ ಮೀನಿನ ತುಂಡು ಸಿಗುವುದಿಲ್ಲ. ಆದರೆ ಅಷ್ಟಕ್ಕೂ ಹಾಕಿದ ನೀರು ಮೀನಿನದು. ಆ ನೀರಿನ ಹೆಸರು ದಾಶಿ. ಜಪಾನಿ ಅಡುಗೆಯ ಬುನಾದಿಯೇ ಅದು.

ನಾನು ಪೀಣ್ಯದ ಒಂದು ಯಂತ್ರೋಪಕರಣ ಕಾರ್ಖಾನೆಯಲ್ಲಿ ಗುಣಮಟ್ಟ ತಪಾಸಣೆಯ ಎಂಜಿನಿಯರ್. ನಮ್ಮ ಗಿರಾಕಿಗಳು ಐಚಿ ಪ್ರಾಂತ್ಯದಲ್ಲಿ, ನಗೋಯಾದ ಸುತ್ತಮುತ್ತ ಇರುವುದರಿಂದ ಅಲ್ಲಿಗೆ ಆಗಾಗ ಹೋಗಿಬರುವುದು ಕೆಲಸದ ಭಾಗ. ಒಮ್ಮೆ ರಜೆ ಹಾಕಿ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ನಾನು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ತಿಪಟೂರಿನಲ್ಲಿರುವ ಅಮ್ಮ ಅದರ ಮೇಲೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟವರು. ಹಾಗಾಗಿ ನಮ್ಮ ಮನೆಯಲ್ಲೇ ಎರಡು ದರ್ಜೆಯ ಪಥ್ಯ.

ದಾಶಿ ಮಾಡುವುದಕ್ಕೆ ಮುಖ್ಯವಾಗಿ ಎರಡು ಸಾಮಾನು: ಕೊಂಬು ಎಂಬ ಒಣಗಿಸಿದ ಕಡಲಪಾಚಿ, ಮತ್ತು ಕತ್ಸುವೊಬುಶಿ. ಎರಡನೆಯದನ್ನು ನಗೋಯಾದ ಹಳೆಯ ಅಂಗಡಿಯೊಂದರಲ್ಲಿ ಹತ್ತಿರದಿಂದ ನೋಡಿದೆ. ಕತ್ಸುವೊ ಎಂದರೆ ಟ್ಯೂನಾ ಬಳಗದ ಮೀನು. ಅದನ್ನು ಬೇಯಿಸಿ, ಮುಳ್ಳು ತೆಗೆದು, ಹೊಗೆಯಲ್ಲಿ ಮತ್ತೆ ಮತ್ತೆ ಒಣಗಿಸಿ, ಕೆಲವಕ್ಕೆ ಬೂಷ್ಟು ಹಿಡಿಸಿ ತಿಂಗಳುಗಟ್ಟಲೆ ಇಡುತ್ತಾರೆ. ಕೊನೆಗೆ ಉಳಿಯುವುದು ಕಂದು ಬಣ್ಣದ, ಗೇಣುದ್ದದ ಒಂದು ಗಟ್ಟಿ ಕೊರಡು. ಅಂಗಡಿಯ ಮುದುಕ ಎರಡು ಕೊರಡುಗಳನ್ನು ಒಂದಕ್ಕೊಂದು ತಟ್ಟಿ ತೋರಿಸಿದ; ಟಣ್ ಎಂದಿತು. ಆಮೇಲೆ ಬ್ಲೇಡು ಮೇಲ್ಮುಖವಾಗಿ ಕೂರಿಸಿದ ಮರದ ಪೆಟ್ಟಿಗೆಯ ಮೇಲೆ ಅದನ್ನು ಉಜ್ಜಿದ. ಕೆಳಗಿನ ಡ್ರಾಯರಿನಲ್ಲಿ ಗುಲಾಬಿ ಬಣ್ಣದ, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳುವಾದ ಸುರುಳಿಗಳು ಬಿದ್ದವು. ಬಿಸಿ ನೀರಿಗೆ ಇಷ್ಟು ಸುರುಳಿ ಹಾಕಿ ಸೋಸಿದರೆ ದಾಶಿ ತಯಾರು. ಲಕ್ಷದ್ವೀಪದವರು ಟ್ಯೂನಾ ಬೇಯಿಸಿ ಹೊಗೆಯಾಡಿಸಿ ಒಣಗಿಸುವ ಮಾಸ್ ಮೀನಿನ ಜಾತಿಯೇ ಇದು. ಬಿಸಿ ತಿನಿಸಿನ ಮೇಲೆ ಈ ಸುರುಳಿ ಉದುರಿಸಿದರೆ ಆವಿಗೆ ಜೀವ ಬಂದಂತೆ ಕುಣಿಯುತ್ತದೆ. ಪ್ರವಾಸಿಗರು ವಿಡಿಯೊ ಮಾಡಿಕೊಳ್ಳುತ್ತಾರೆ. ಸಸ್ಯಾಹಾರಿಗೆ ಮಾತ್ರ ಅದೊಂದು ಉಪಕಾರ. ಕುಣಿಯುವುದು ಕಂಡರೆ ತಿನ್ನಬಾರದು ಎಂದು ಗೊತ್ತಾಗಿಬಿಡುತ್ತದೆ.

‘ಮೀನು ತಿನ್ನಲ್ಲ’ ಎಂದರೂ ದಾಶಿ ಹಾಕಿದ್ದನ್ನು ತಂದಿಡುತ್ತಾರೆ ಎಂದು ನಮ್ಮವರು ಸಿಟ್ಟಾಗುವುದುಂಟು. ಅದು ಮೋಸವಲ್ಲ. ಅವರ ಲೆಕ್ಕದಲ್ಲಿ ದಾಶಿ ಒಂದು ಪದಾರ್ಥವೇ ಅಲ್ಲ, ನೀರು ಉಪ್ಪಿನ ಹಾಗೆ ಇದ್ದೇ ಇರುವ ವಸ್ತು. ಇದರ ಹಿಂದೆ ಸಾವಿರ ವರ್ಷ ಮೀರಿದ ಇತಿಹಾಸವಿದೆ. ಕ್ರಿ.ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ಈ ಐದರ ಮಾಂಸವನ್ನು ಬೇಸಾಯದ ತಿಂಗಳುಗಳಲ್ಲಿ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಬೌದ್ಧ ಧರ್ಮ ಬೇರೂರುತ್ತಿದ್ದ ಕಾಲವದು. ಮುಂದೆಯೂ ಇಂಥ ಆಜ್ಞೆಗಳು ಬಂದವು. ಆದರೆ ಮೀನು ಆ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ‘ಮಾಂಸ ಬಿಟ್ಟವರು’ ಎಂದರೆ ಜಪಾನಿಯ ಕಣ್ಣಿಗೆ ಬರುವುದು ಮೀನು ತಿನ್ನುವ ಮನುಷ್ಯನೇ. ದನದ ಮಾಂಸ ರಾಜಮರ್ಯಾದೆ ಪಡೆದದ್ದು 1872ರಲ್ಲಿ, ಮೇಜಿ ಚಕ್ರವರ್ತಿ ತಾನೇ ತಿಂದು ತೋರಿಸಿದ ಮೇಲೆ. ಬೌದ್ಧ ಭಿಕ್ಷುಗಳೂ ಮಾಂಸ ತಿನ್ನಬಹುದು, ಮದುವೆಯಾಗಬಹುದು ಎಂದು ಸರ್ಕಾರ ಹೇಳಿದ್ದೂ ಅದೇ ವರ್ಷ.

ಇಷ್ಟು ಗೊತ್ತಿದ್ದರೆ ಹೋಟೆಲಿನಲ್ಲಿ ‘ವೆಜಿಟೇರಿಯನ್’ ಎಂಬ ಪದದ ಮೇಲೆ ಭಾರ ಹಾಕುವುದಿಲ್ಲ. ಆ ಪದಕ್ಕೆ ಒಬ್ಬ ಮಾಣಿ ಬೇಕನ್ ಚೂರು ಉದುರಿಸಿದ ಸಲಾಡ್ ತಂದರೆ, ಇನ್ನೊಬ್ಬ ತರಕಾರಿ ತೆಂಪುರಾ ತರುತ್ತಾನೆ. ತೆಂಪುರಾದ ಹಿಟ್ಟಿಗೆ ಮೊಟ್ಟೆ ಕಲಸಿರುತ್ತಾರೆ, ಸೀಗಡಿ ಕರಿದ ಎಣ್ಣೆಯಲ್ಲೇ ಕರಿದಿರುತ್ತಾರೆ, ಅದ್ದಿಕೊಳ್ಳಲು ಕೊಡುವ ಸಾಸಿನಲ್ಲಿ ದಾಶಿ. ತಣ್ಣನೆಯ ಸೊಬಾ ಶಾವಿಗೆಯಲ್ಲಿ ಏನೂ ಇರುವುದಿಲ್ಲ, ಪಕ್ಕದ ಬಟ್ಟಲಿನ ಕಪ್ಪು ರಸದಲ್ಲಿ ಇರುತ್ತದೆ. ತಣ್ಣನೆಯ ತೋಫು ಶುದ್ಧ, ಅದರ ತಲೆಯ ಮೇಲೆ ಸುರುಳಿ. ಇಜಾಕಾಯಾ ಎಂಬ ಬಾರು-ಊಟದ ಮನೆಗಳಲ್ಲಿ ಕುಳಿತ ತಕ್ಷಣ ಕೇಳದೆಯೇ ಒಂದು ಪುಟ್ಟ ಬಟ್ಟಲು ತಂದಿಟ್ಟು ಬಿಲ್ಲಿಗೆ ಸೇರಿಸುತ್ತಾರೆ; ಅದರಲ್ಲಿ ಮೀನೋ ದಾಶಿಯೋ ಇರುವುದುಂಟು. ದುಡ್ಡು ಕೊಟ್ಟು ಮುಟ್ಟದೆ ಬಿಡಬೇಕು, ವಾದ ಮಾಡಿ ಪ್ರಯೋಜನವಿಲ್ಲ.

ನನ್ನ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಜಪಾನಿ ಓದುಬರಹ ಬಲ್ಲ ಸಹೋದ್ಯೋಗಿಯೊಬ್ಬರು ಬರೆದುಕೊಟ್ಟದ್ದು. ಅದರಲ್ಲಿ ‘ಸಸ್ಯಾಹಾರಿ’ ಎಂಬ ಪದವೇ ಇಲ್ಲ. ದನ, ಹಂದಿ, ಕೋಳಿ, ಹ್ಯಾಮ್, ಬೇಕನ್, ಮೀನು, ಸೀಗಡಿ, ಕತ್ಸುವೊಬುಶಿ, ಮೀನಿನ ದಾಶಿ, ಮಾಂಸದ ಸೂಪು, ಜೆಲಾಟಿನ್, ಮೊಟ್ಟೆ ತಿನ್ನಲಾರೆ ಎಂದು ಒಂದೊಂದನ್ನೂ ಹೆಸರಿಸಿದೆ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ತಿನ್ನಬಹುದಾದ್ದರ ಪಟ್ಟಿ: ಅನ್ನ, ತರಕಾರಿ, ತೋಫು, ಅಣಬೆ, ಕಡಲಪಾಚಿ, ಕೊಂಬು ದಾಶಿ, ಹಾಲು, ಮೊಸರು, ಸೋಯಾ ಸಾಸ್. ಈ ಎರಡನೇ ಪಟ್ಟಿಯೇ ಹೆಚ್ಚು ಕೆಲಸ ಮಾಡುತ್ತದೆ. ಬೇಡದ್ದನ್ನಷ್ಟೇ ಓದಿದ ಅಡುಗೆಯವನು ಕೈಚೆಲ್ಲುತ್ತಾನೆ. ಆಗುವುದನ್ನು ಓದಿದವನು ಯೋಚಿಸತೊಡಗುತ್ತಾನೆ.

ಆದರೂ ಚೀಟಿ ಓದಿ ಒಳಗೆ ಹೋದ ಮಾಣಿ ಎಷ್ಟೋ ಸಲ ಹೊರಬಂದು ಎದೆಯ ಮುಂದೆ ಎರಡೂ ಕೈ ಅಡ್ಡಡ್ಡ ಹಿಡಿದು, ಬಗ್ಗಿ ಕ್ಷಮೆ ಕೇಳುತ್ತಾನೆ. ಆಗುವುದಿಲ್ಲ ಎಂದು ಅರ್ಥ. ನಮ್ಮೂರಿನ ದರ್ಶಿನಿಯಲ್ಲಿ ‘ಒಂದು ಮಸಾಲೆ, ಪಲ್ಯ ಬೇಡ, ಕೆಂಪು ಚಟ್ನಿ ಹಚ್ಬೇಡಿ’ ಎಂದು ಕೂಗಿ ಹೇಳಿ ಅಭ್ಯಾಸವಾದವರಿಗೆ ಇದು ಮೊಂಡುತನ ಅನಿಸುತ್ತದೆ. ಒಳಗಿನ ಕತೆ ಬೇರೆ. ಅಂದಿನ ದಾಶಿ ಬೆಳಿಗ್ಗೆಯೇ ಕಾಸಿಟ್ಟಿರುತ್ತಾರೆ. ಸಾಸು, ಮಿಸೊ ಮಿಶ್ರಣ, ತರಕಾರಿ ಎಲ್ಲ ಅದರಲ್ಲೇ ಬೆಂದು ಸಾಲಾಗಿ ನಿಂತಿರುತ್ತವೆ. ಮಧ್ಯಾಹ್ನ ಹನ್ನೆರಡೂವರೆಗೆ ಬಂದು ಕುಳಿತವಳಿಗಾಗಿ ಹೊಸದಾಗಿ ಏನು ಮಾಡುವುದು? ಅರೆಮನಸ್ಸಿನಿಂದ ಏನನ್ನೋ ಕೊಟ್ಟು ಗಿರಾಕಿಯ ನಿಯಮ ಕೆಡಿಸುವುದಕ್ಕಿಂತ ಇಲ್ಲ ಎನ್ನುವುದೇ ಮೇಲು ಎಂದು ಅವರು ಭಾವಿಸುತ್ತಾರೆ. ಅದು ಪ್ರಾಮಾಣಿಕತೆ ಎಂದೇ ನಾನು ತಿಳಿದಿದ್ದೇನೆ.

ಅದೇ ಅಡುಗೆಮನೆಗೆ ನಾಲ್ಕು ದಿನ ಮುಂಚೆ ಚೀಟಿ ಕಳಿಸಿ ನೋಡಿ. ಗಿರಾಕಿ ಕಂಪನಿಯವರು ಊಟಕ್ಕೆ ಕರೆದಾಗ ನಾನು ಬೆಂಗಳೂರಿನಿಂದಲೇ ಪಟ್ಟಿ ಮೇಲ್ ಮಾಡಿದ್ದೆ. ಅವರ ಕಡೆಯ ವ್ಯವಸ್ಥಾಪಕರು ಅದನ್ನು ಹೋಟೆಲಿಗೆ ಕಳಿಸಿ, ಫೋನಿನಲ್ಲೂ ಮಾತಾಡಿದ್ದರು. ಎಲ್ಲರಿಗೂ ಮಧ್ಯದಲ್ಲಿ ಒಂದು ದೊಡ್ಡ ಪಾತ್ರೆಯಲ್ಲಿ ಕೋಳಿ ಕುದಿಯುತ್ತಿದ್ದರೆ ನನ್ನ ಮುಂದೆ ಬೇರೆ ಒಲೆ, ಬೇರೆ ಮಣ್ಣಿನ ಪಾತ್ರೆ, ಅದರಲ್ಲಿ ಕೊಂಬು ನೀರು. ಚೀನಾ ಕೋಸು, ಐದಾರು ಬಗೆಯ ಅಣಬೆ, ತೋಫು, ಕ್ಯಾರೆಟ್ಟನ್ನು ಹೂವಿನಾಕಾರ ಕತ್ತರಿಸಿದ್ದು. ಅದ್ದಿಕೊಳ್ಳುವ ಸಾಸಿಗೂ ದಾಶಿ ಬದಲು ಯೂಜು ಹಣ್ಣಿನ ಹುಳಿ. ಸಾಸಿನವರೆಗೆ ಯೋಚಿಸಿದ್ದರು! ಕೊನೆಯಲ್ಲಿ ಅಡುಗೆಯವನೇ ಬಂದು ‘ರುಚಿ ಸಪ್ಪೆಯಾಯಿತೇನೋ’ ಎಂದು ವಿಚಾರಿಸಿ ಹೋದ.

ಸಪ್ಪೆಯಾಗಿರಲಿಲ್ಲ. ಮೀನಿಲ್ಲದೆ ಜಪಾನಿ ಅಡುಗೆಗೆ ರುಚಿ ಬಾರದು ಎನ್ನುವವರಿಗೆ ಇಕೆದಾ ಕಿಕುನಾಯೆ ಎಂಬ ರಸಾಯನ ವಿಜ್ಞಾನಿಯ ಹೆಸರು ಹೇಳಬೇಕು. 1908ರಲ್ಲಿ ಆತ ಸಿಹಿ, ಹುಳಿ, ಉಪ್ಪು, ಕಹಿ ಬಿಟ್ಟು ಐದನೆಯದೊಂದು ರುಚಿಯನ್ನು ಗುರುತಿಸಿ ಉಮಾಮಿ ಎಂದು ಹೆಸರಿಟ್ಟ. ಅದಕ್ಕೆ ಕಾರಣವಾದ ಗ್ಲುಟಮೇಟನ್ನು ಬೇರ್ಪಡಿಸಿದ್ದು ಮೀನಿನಿಂದಲ್ಲ, ಕೊಂಬು ಪಾಚಿಯಿಂದ.

ಅಂಗಡಿಯ ಪೊಟ್ಟಣಗಳ ಲೆಕ್ಕಾಚಾರ ಇನ್ನೊಂದು. ಮೂಲೆಮೂಲೆಯಲ್ಲೂ ಇರುವ ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಅಂಗಡಿಗಳು ಬಹುಪಾಲು ಹಗಲಿರುಳೂ ತೆರೆದಿರುತ್ತವೆ. ಮೊಟ್ಟೆ, ಹಾಲು, ಗೋಧಿ, ಶೇಂಗಾ, ಸೀಗಡಿ, ಏಡಿ ಮೊದಲಾದವು ಇದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕು ಎಂಬುದು ಕಾನೂನು. 2023ರಲ್ಲಿ ಅಕ್ರೋಟು ಕೂಡ ಈ ಪಟ್ಟಿಗೆ ಸೇರಿತು. ಆದರೆ ಇದು ಅಲರ್ಜಿಯವರಿಗಾಗಿ ಮಾಡಿದ್ದು, ನಮಗಾಗಿ ಅಲ್ಲ. ಕತ್ಸುವೊ ಈ ಅಲರ್ಜಿ ಪಟ್ಟಿಯಲ್ಲಿ ಇಲ್ಲ. ಅದನ್ನು ಹುಡುಕಬೇಕಾದರೆ ಸಣ್ಣ ಅಕ್ಷರದ ಪದಾರ್ಥ ಪಟ್ಟಿಯನ್ನೇ ಓದಬೇಕು. ಫೋನಿನ ಕ್ಯಾಮೆರಾ ಹಿಡಿದರೆ ಅನುವಾದ ಬರುತ್ತದೆ, ಆದರೆ ವಿಚಿತ್ರವಾಗಿ ಬರುವುದೂ ಉಂಟು. ಅದಕ್ಕೇ ಎರಡು ಮೂರು ಅಕ್ಷರಗಳ ಗುರುತು ಇಟ್ಟುಕೊಂಡಿದ್ದೇನೆ. ಮೀನಿನ ಅಕ್ಷರದ ಬುಡದಲ್ಲಿ ಸಾಲಾಗಿ ನಾಲ್ಕು ಚುಕ್ಕಿ. ಮಾಂಸದ ಅಕ್ಷರ ಕೆಳಗೆ ತೆರೆದ ಚೌಕಟ್ಟು, ಒಳಗೆ ಒಂದರ ಕೆಳಗೊಂದು ಎರಡು ಕವಲು. ಮೊಟ್ಟೆಯದರಲ್ಲಿ ಎಡಕ್ಕೊಂದು ಬಲಕ್ಕೊಂದು ಚುಕ್ಕಿ. ಗುಣಮಟ್ಟ ತಪಾಸಣೆಯವಳಿಗೆ ಇದೇನು ಕಷ್ಟವಲ್ಲ.

ತ್ರಿಕೋನಾಕಾರದ ಅನ್ನದ ಉಂಡೆ ಒನಿಗಿರಿಯಲ್ಲಿ ಉಪ್ಪಿನದು ಸಾಮಾನ್ಯವಾಗಿ ಸರಿ. ಉಮೆ ಎಂಬ ಹುಳಿ ಉಪ್ಪಿನಕಾಯಿ ಹಣ್ಣಿನದು ಒಮ್ಮೊಮ್ಮೆ ಸರಿ, ಒಮ್ಮೊಮ್ಮೆ ಕತ್ಸುವೊ ಸಾರ ಬೆರೆತದ್ದು. ಕಪ್ ನೂಡಲ್ಸ್, ಜಪಾನಿ ಕರ್ರಿ ಮಾಡುವ ಮಸಾಲೆ ಅಚ್ಚು ಇವುಗಳತ್ತ ನೋಡುವುದೇ ಬೇಡ. ಅಚ್ಚುಗಳಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುವುದು ಸಾಮಾನ್ಯ. ನನ್ನ ಆಧಾರ ಬೇರೆಯೇ. ಎರಡು ನಿಮಿಷ ಮೈಕ್ರೋವೇವ್‌ನಲ್ಲಿಟ್ಟರೆ ಬಿಸಿಯಾಗುವ ಅನ್ನದ ಡಬ್ಬಿ ಮತ್ತು ಸಕ್ಕರೆ ಹಾಕದ ಮೊಸರಿನ ದೊಡ್ಡ ಕಪ್ಪು. ಜಪಾನಿನ ಅಕ್ಕಿ ಅಂಟು, ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಮೇಲೆ ಮನೆಯಿಂದ ತಂದ ಉಪ್ಪಿನಕಾಯಿ. ಚಳಿಗಾಲವಾದರೆ ಅಂಗಡಿಯಲ್ಲೇ ಸುಟ್ಟು ಬಿಸಿಯಾಗಿಟ್ಟ ಗೆಣಸು ಸಿಗುತ್ತದೆ, ಅದಕ್ಕೆ ಯಾವ ಲೇಬಲ್ಲೂ ಬೇಡ.

ಹಳೆ ಶೈಲಿಯ ಜಪಾನಿ ಮಿಠಾಯಿಗಳು ಬಹುಮಟ್ಟಿಗೆ ನಮ್ಮ ಪಾಲಿನವು. ಅಜುಕಿ ಕಾಳು, ಅಕ್ಕಿ ಹಿಟ್ಟು, ಸಕ್ಕರೆ. ಗಟ್ಟಿಯಾಗಿಸಲು ಜೆಲಾಟಿನ್ ಬದಲು ಕಡಲಪಾಚಿಯಿಂದ ತೆಗೆದ ಕಾಂತೆನ್. ನಗೋಯಾದಲ್ಲಿ ಬೆಳಗಿನ ಹೊತ್ತು ಕಾಫಿ ಅಂಗಡಿಗೆ ಹೋದರೆ ಕಾಫಿಯ ಬೆಲೆಗೇ ಟೋಸ್ಟೂ ಬರುತ್ತದೆ. ದಪ್ಪ ಬ್ರೆಡ್ಡಿಗೆ ಬೆಣ್ಣೆ ಸವರಿ ಸಿಹಿ ಅಜುಕಿ ಹಚ್ಚಿಕೊಡುವ ಒಗುರಾ ಟೋಸ್ಟ್ ಆ ಊರಿನ ಹೆಮ್ಮೆ. ಜೊತೆಗೆ ಬರುವ ಬೇಯಿಸಿದ ಮೊಟ್ಟೆಯನ್ನು ಪಕ್ಕದ ಸಹೋದ್ಯೋಗಿಗೆ ದಾಟಿಸುತ್ತೇನೆ, ಆತನಿಗೆ ಅದೇ ಖುಷಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಮೀನು ಬೇಯಿಸಿದ ಪಾತ್ರೆಯಲ್ಲಿ ಬೇಯಿಸಿದ್ದನ್ನೂ ಅವರು ಮುಟ್ಟುವುದಿಲ್ಲ. ಊರಿನವರು ‘ಅವಲಕ್ಕಿ ಕಟ್ಕೊಂಡು ಹೋಗಿ, ಉಪವಾಸ ಬೀಳ್ತೀರಿ’ ಎಂದಿದ್ದರು. ಜಪಾನಿನಲ್ಲಿ ಅಮ್ಮ ನನಗಿಂತ ಚೆನ್ನಾಗಿ ಊಟ ಮಾಡಿದ್ದು ಕೋಯಾ ಬೆಟ್ಟದಲ್ಲಿ. 816ರಲ್ಲಿ ಕೂಕಾಯ್ ಎಂಬ ಆಚಾರ್ಯ ಶಿಂಗೋನ್ ಪಂಥದ ಮಠಕ್ಕೆಂದು ಚಕ್ರವರ್ತಿಯಿಂದ ಪಡೆದ ಜಾಗವದು. ಒಸಾಕಾದ ನಂಬಾದಿಂದ ರೈಲು, ಬೆಟ್ಟದ ಬುಡದಿಂದ ಕೇಬಲ್ ಕಾರು, ಆಮೇಲೆ ಬಸ್ಸು. ಮೇಲೆ ನೂರಕ್ಕೂ ಹೆಚ್ಚು ದೇವಾಲಯಗಳಿವೆ, ಅವುಗಳಲ್ಲಿ ಐವತ್ತರಷ್ಟು ಯಾತ್ರಿಕರಿಗೆ ತಂಗಲು ಕೋಣೆ ಕೊಡುತ್ತವೆ. ಊಟ ತಿಂಡಿ ಸೇರಿ ತಲೆಗೆ ಹತ್ತು ಸಾವಿರ ಯೆನ್‌ಗಿಂತ ಕಡಿಮೆಗೆ ಸಿಗುವುದು ಅಪರೂಪ, ಅಗ್ಗವೇನಲ್ಲ.

ಅಲ್ಲಿ ಬಡಿಸುವುದು ಶೋಜಿನ್ ರ್ಯೋರಿ, ಬೌದ್ಧ ಮಠದ ಅಡುಗೆ. ಮಾಂಸ, ಮೀನು, ಮೊಟ್ಟೆ ಇಲ್ಲ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಘಾಟು ತರಕಾರಿಗಳೂ ಇಲ್ಲ. ದಾಶಿಗೆ ಕೊಂಬು ಮತ್ತು ಒಣಗಿದ ಶಿಟಾಕೆ ಅಣಬೆ. ‘ಹಾಗಾದ್ರೆ ಇಲ್ಲಿ ನಾನು ಏನನ್ನೂ ಕೇಳೋದೇ ಬೇಡ್ವಾ?’ ಎಂದು ಅಮ್ಮ ಎರಡು ಸಲ ಖಾತ್ರಿ ಮಾಡಿಕೊಂಡರು. ಮಠದಲ್ಲಿ ಅಡುಗೆಯವನ ಕೆಲಸ ಧ್ಯಾನಕ್ಕೆ ಕಡಿಮೆಯಲ್ಲ ಎಂದು ಹೇಳಿ, ಅಕ್ಕಿ ತೊಳೆಯುವುದರಿಂದ ಹಿಡಿದು ಎಲ್ಲಕ್ಕೂ ವಿಧಿ ಬರೆದಿಟ್ಟವನು ದೋಗೆನ್. ಆತ ಬೇರೆ ಪಂಥದ ಜೆನ್ ಗುರು, ಆ ಗ್ರಂಥ 1237ರದು.

ಸಂಜೆ ಆರಕ್ಕೆಲ್ಲ ಊಟ. ಚಾಪೆ ಹಾಸಿದ ಕೋಣೆಗೇ ತರುಣ ಭಿಕ್ಷುವೊಬ್ಬ ಮೆರುಗೆಣ್ಣೆಯ ಮಣೆಗಳನ್ನು ಹೊತ್ತು ತಂದ. ಒಂದರಲ್ಲಿ ಅನ್ನ, ಸಾರು, ಉಪ್ಪಿನಕಾಯಿ. ಇನ್ನೊಂದರಲ್ಲಿ ತರಕಾರಿ ತೆಂಪುರಾ, ಅದಕ್ಕೆ ಮೊಟ್ಟೆ ಹಾಕಿಲ್ಲವೆಂದು ತಾನೇ ಹೇಳಿದ. ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದ, ಹಿಂಡಿದರೆ ರಸ ಸುರಿಯುವ ಕೋಯಾ ತೋಫು. ಅಮ್ಮನ ಚಮಚ ನಿಂತದ್ದು ಒಂದು ಸಣ್ಣ ಚೌಕದ ಮುಂದೆ. ಮಾಸಲು ಬಿಳಿ, ನುಣುಪು, ಮೇಲೆ ಚಿಟಿಕೆ ವಸಾಬಿ. ಹೆಸರು ಗೋಮಾ ತೋಫು, ಆದರೆ ಅದರಲ್ಲಿ ಸೋಯಾ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು, ಕುದ್ಜು ಬಳ್ಳಿಯ ಗೆಡ್ಡೆಯ ಹಿಟ್ಟು ನೀರಿಗೆ ಕಲಸಿ, ಒಲೆಯ ಮೇಲೆ ಕೈಬಿಡದೆ ತಿರುವಿ ತಟ್ಟೆಗೆ ಸುರಿದು ಆರಿಸುತ್ತಾರೆ. ಅಮ್ಮ ಒಂದು ಚೂರು ಬಾಯಿಗಿಟ್ಟು, ‘ಏ, ಇದು ಎಳ್ಳಿನ ಹಾಲುಬಾಯಿ ಕಣೇ, ಬೆಲ್ಲ ಒಂದು ಮರ್ತಿದಾರೆ’ ಎಂದರು. ಮಾರನೆಯ ದಿನ ಆ ಭಿಕ್ಷುವಿನ ಹತ್ತಿರ ಎಷ್ಟು ಹೊತ್ತು ತಿರುವುತ್ತೀರಿ ಎಂದು ನನ್ನಿಂದ ಕೇಳಿಸಿದರು.

ಸಸ್ಯಾಹಾರಿಗಳಿಗೆ ಮಾತ್ರ ಈ ಪಾಡು ಎಂದುಕೊಳ್ಳಬೇಡಿ. ನಮ್ಮ ಮಂಗಳೂರಿನ ಸಹೋದ್ಯೋಗಿಗೆ ಮೀನೆಂದರೆ ಹಬ್ಬ, ದನ ಹಂದಿ ಕೂಡದು. ಆತ ಕಣ್ಣಿಡುವುದು ಕೊಬ್ಬಿನ ಮೇಲೆ. ಮುಸ್ಲಿಂ ಗೆಳತಿಯೊಬ್ಬಳಿಗೆ ಮಿರಿನ್ ಚಿಂತೆ. ಅದು ಸಿಹಿಯಾದ ಅಕ್ಕಿ ಮದ್ಯ, ಬಹಳಷ್ಟು ಸಾಸುಗಳಲ್ಲಿ ಇರುತ್ತದೆ. ಗೋಧಿ ಆಗದವರಿಗೆ ಸೋಯಾ ಸಾಸೇ ಶತ್ರು, ಅದರಲ್ಲಿ ಗೋಧಿ ಇರುತ್ತದೆ. ಹೋಟೆಲುಗಳಲ್ಲಿ ನೀರಿನ ಬದಲು ಕೊಡುವ ತಣ್ಣನೆಯ ಚಹಾ ಬಾರ್ಲಿಯದಾಗಿರಬಹುದು. ಅಲರ್ಜಿಯಿಂದ ಜೀವಕ್ಕೇ ಅಪಾಯವಿರುವವರು ಇನ್ನೊಂದು ವಿಷಯ ತಿಳಿದಿರಬೇಕು: ಅಲರ್ಜಿ ಬರೆಯುವ ಕಾನೂನು ಪೊಟ್ಟಣಗಳಿಗೆ ಮಾತ್ರ, ಹೋಟೆಲಿನ ಮೆನುವಿಗೆ ಅನ್ವಯಿಸುವುದಿಲ್ಲ.

ಭಾರತೀಯ ಹೋಟೆಲುಗಳು ಬಹುತೇಕ ದೊಡ್ಡ ಊರುಗಳಲ್ಲೆಲ್ಲ ಇವೆ, ಬಹುಪಾಲು ನೇಪಾಳದವರು ನಡೆಸುವಂಥವು. ಅಲ್ಲಿನ ದೋಣಿಯಷ್ಟುದ್ದದ ಸಿಹಿ ನಾನ್‌ನ ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ, ಕೇಳಿ ತಿನ್ನಿ. ಟೋಕಿಯೊದ ನಿಶಿ ಕಸಾಯಿಯಲ್ಲಿ ಭಾರತೀಯರು ಹೆಚ್ಚು, ಅಲ್ಲಿ ಬೇಳೆ ಮಸಾಲೆ ಸಿಗುತ್ತದೆ. ಟೋಕಿಯೊ ರೈಲು ನಿಲ್ದಾಣದೊಳಗೇ ಪೂರ್ತಿ ಸಸ್ಯಾಹಾರಿ ರಾಮೆನ್ ಶಾವಿಗೆ ಕೊಡುವ ಟೀಸ್ ತಾನ್‌ತಾನ್ ಎಂಬ ಹೋಟೆಲು ಇದೆ. ಬೆಳ್ಳುಳ್ಳಿ ಬಿಟ್ಟವರು ಅಲ್ಲಿಯೂ ಕೇಳಿಕೊಳ್ಳಲಿ.

ಹೊರಡುವ ಮುಂಚಿನ ಮಾತು ಒಂದೆರಡು. ವಿಮಾನದ ಊಟಕ್ಕೆ ‘ಹಿಂದೂ ಮೀಲ್’ ಎಂದು ಆರಿಸಿದರೆ ಕೋಳಿಯೋ ಕುರಿಯೋ ಬರುತ್ತದೆ, ಅದು ಗೋಮಾಂಸವಿಲ್ಲದ ಮಾಂಸಾಹಾರ. ನಮಗೆ ಬೇಕಾದದ್ದು ‘ಏಷ್ಯನ್ ವೆಜಿಟೇರಿಯನ್’, ಈರುಳ್ಳಿ ಬಿಟ್ಟವರಿಗೆ ‘ಜೈನ್’. ಕನಿಷ್ಠ 24 ಗಂಟೆ ಮೊದಲು ಹೇಳಿರಬೇಕು. ತಾಜಾ ಹಣ್ಣು, ತರಕಾರಿ, ಸೊಪ್ಪನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಜಪಾನಿನೊಳಗೆ ಬಿಡುವುದಿಲ್ಲ, ಹಾಗಾಗಿ ಕರಿಬೇವಿನ ಎಸಳನ್ನು ಮನೆಯಲ್ಲೇ ಚಟ್ನಿಪುಡಿಗೆ ಸೇರಿಸಿಬಿಡಿ. ಹುರಿದ ರವೆ, ಪುಳಿಯೋಗರೆ ಗೊಜ್ಜು, ಮೆಂತ್ಯದ ಹಿಟ್ಟು ಚೆಕ್-ಇನ್ ಪೆಟ್ಟಿಗೆಗೆ. ಇಲ್ಲಿನ ಎಲೆಕ್ಟ್ರಿಕ್ ಕೆಟಲ್ಲು, ಕುಕ್ಕರು ಹೊತ್ತುಕೊಂಡು ಹೋಗಬೇಡಿ. ನಮ್ಮದು 230 ವೋಲ್ಟ್, ಅಲ್ಲಿನದು 100. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಐದನೇ ಒಂದು ಭಾಗವೂ ಸಿಗುವುದಿಲ್ಲ. ಅಕ್ಕಿ ನೆನೆಯುತ್ತದೆ, ಬೇಯುವುದಿಲ್ಲ. ಅಲ್ಲಿನ ಹೋಟೆಲು ಕೋಣೆಗಳಲ್ಲಿ ಕೆಟಲ್ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಎಲ್ಲಿಯವರೆಗೆ ಸರಿ, ಎಲ್ಲಿಂದ ಬೇಡ ಎಂಬುದನ್ನು ಮನೆಯಲ್ಲೇ ಕೂತು ನಿರ್ಧರಿಸಿ. ಪದಾರ್ಥದಲ್ಲಿ ಇಲ್ಲದಿದ್ದರೆ ನನಗೆ ಸಾಕು, ಬಾಣಲೆಯ ಪೂರ್ವಾಪರ ವಿಚಾರಿಸುವುದಿಲ್ಲ. ಅಮ್ಮ ವಿಚಾರಿಸುತ್ತಾರೆ. ಎರಡೂ ಸರಿಯೇ, ಆದರೆ ಹಸಿದು ಕುಳಿತ ಮೇಲೆ ಮೇಜಿನ ಮುಂದೆ ಚರ್ಚಿಸುವ ವಿಷಯ ಅದಲ್ಲ. ಟಿಕೆಟ್ ಕಾದಿರಿಸಿದ ದಿನವೇ ಎರಡು ಪಟ್ಟಿಗಳ ಚೀಟಿಯನ್ನು ಜಪಾನಿ ಬಲ್ಲವರಿಂದ ಬರೆಸಿ, ಉಳಿಯುವ ಹೋಟೆಲಿಗೂ ಕರೆದವರಿಗೂ ಕಳಿಸಿ, ಹೋಗುವ ವಾರ ಇನ್ನೊಮ್ಮೆ ನೆನಪಿಸಿ.